ಇನ್ನೊಂದು ಪದ ಕೂರದ ಕುರ್ಚಿ

ಮಾನ್ಯ ವಾಚಕ ಮಹಾಶಯರಲ್ಲಿ ವಿಜ್ಞಾಪನೆ. ಈ ಕೆಳಗೆ ನಿರೂಪಿತವಾಗಿರುವ ವೃತ್ತಾಂತದಲ್ಲಿ ಕೊಲೆಯಿಲ್ಲ, ಅಪಹರಣವಿಲ್ಲ, ಮುಖವಾಡ ಧರಿಸಿದ ಆಗಂತುಕನಿಲ್ಲ. ಒಬ್ಬ ಗೃಹಸ್ಥ, ಅವನ ಪತ್ನಿ, ಒಂದೇ ಅರ್ಥದವೆಂದು ಲೋಕವು ತಿಳಿದಿರುವ ಎರಡು ಇಂಗ್ಲಿಷ್ ಪದಗಳು, ಇಷ್ಟೇ ಇರುವುದು. ಸದರಿ ದಂಪತಿಗಳ ಮನೆಯ ಮಹಡಿಕೋಣೆಯಲ್ಲಿ ನಾನು ಕೆಲಕಾಲ ಬಾಡಿಗೆಗಿದ್ದೆ. ಕೆಳಗಿನ ಮಾತು ಮೇಲಕ್ಕೆ ಕೇಳಿಸುವಂಥ ಮನೆ ಅದು. ಕೇಳಿಸದೆ ಉಳಿದದ್ದನ್ನು ಆ ಗೃಹಸ್ಥನೇ ಮೆಟ್ಟಿಲ ಮೇಲೆ ಕೂತು, ಪ್ರತಿ ಮಾತಿಗೂ ಇದಕ್ಕಿಂತ ಸರಿಯಾದ ಮಾತೊಂದಿದೆಯೇನೋ ಎಂದು ತಡವರಿಸುತ್ತ ನನಗೆ ಹೇಳಿದ್ದಾನೆ. ಅವನು ತಡವರಿಸಿ ಬಿಟ್ಟ ಜಾಗಗಳನ್ನು ನಾನು ತುಂಬಿದ್ದೇನೆ. ಅಲ್ಲಿನ ದೋಷಗಳೆಲ್ಲ ನನ್ನವು. ಇತ್ಯಲಂ.

ಬೆಳಗಿನ ಚಹಾ ಆರುತ್ತಿತ್ತು. ಅವನು ಕಿಟಕಿಯ ಬಳಿಗೆ ಕುರ್ಚಿ ಎಳೆದುಕೊಂಡು, ಕರಡಚ್ಚಿನ ಹಾಳೆಯನ್ನು ಮೊದಲು ತೋಳಿನುದ್ದ ದೂರ ಹಿಡಿದು, ಆಮೇಲೆ ಮೂಗಿನ ಹತ್ತಿರಕ್ಕೆ ತಂದು, ಮತ್ತೆ ದೂರ ಒಯ್ದು, ಅಕ್ಷರಗಳು ತಾವಾಗಿ ಒಂದು ಕಡೆ ನಿಲ್ಲುವವರೆಗೆ ಕಾಯುತ್ತಿದ್ದ. ಹೆಂಡತಿ ಇದನ್ನು ನೋಡುತ್ತಿದ್ದಾಳೆಂಬುದು ಅವನ ಬೆನ್ನಿಗೇ ಗೊತ್ತಾಯಿತು. ನೋಡುತ್ತಿದ್ದಾಳೆ, ಪ್ರಾಯಶಃ ಗಮನಿಸುತ್ತಲೂ ಇದ್ದಾಳೆ, ಆದರೆ ದಿಟ್ಟಿಸುತ್ತಿಲ್ಲ, ಎಂದು ಅಭ್ಯಾಸಬಲದಿಂದ ವಿಂಗಡಿಸಿಕೊಂಡ. ಈ ಚಟ ಕೆಲಸದಿಂದ ಅಂಟಿಕೊಂಡದ್ದೋ, ಚಟವಿದ್ದುದರಿಂದಲೇ ಕೆಲಸ ಸಿಕ್ಕಿದ್ದೋ ಅವನಿಗೂ ತಿಳಿಯದು. ಇಂಗ್ಲಿಷ್ ಪದಗಳಿಗೆ ನಮ್ಮ ಮಾತಿನಲ್ಲಿ ಅರ್ಥ ಕೊಡುವ ದೊಡ್ಡ ನಿಘಂಟೊಂದರ ಕಚೇರಿಯಲ್ಲಿ ಅವನು ಮದುವೆಯಾದ ವರ್ಷದಿಂದ ದುಡಿಯುತ್ತಿದ್ದ. ಅರ್ಥ ಕೊಡುವವರು ಬೇರೆ ಇದ್ದರು. ಅವನ ಪಾಲಿಗೆ ಬಂದದ್ದು ಅರ್ಥದ ಕೆಳಗೆ ಸಣ್ಣಚ್ಚಿನಲ್ಲಿ ಬರುವ ಟಿಪ್ಪಣಿಗಳು: ಒಂದನ್ನೊಂದು ಹೋಲುವ ಎರಡು ಪದಗಳನ್ನು ಅಕ್ಕಪಕ್ಕ ನಿಲ್ಲಿಸಿ, ಯಾವುದನ್ನು ಎಲ್ಲಿ ಬಳಸಬೇಕು, ಏಕೆ ಬಳಸಬೇಕು ಎಂದು ಹೇಳಿ, ಒಂದೊಂದಕ್ಕೂ ಒಂದು ಉದಾಹರಣೆಯ ವಾಕ್ಯ ಬರೆಯುವುದು. ಆ ವಾಕ್ಯಗಳಿಗೆ ಕಚೇರಿಯಲ್ಲಿ ಒಂದು ಪರೀಕ್ಷೆಯಿತ್ತು. ವಾಕ್ಯವೆಂದರೆ ಕುರ್ಚಿ, ಅದರಲ್ಲಿ ಕೂತ ಪದವನ್ನು ಎಬ್ಬಿಸಿ, ಅದರ ನೆಂಟನನ್ನು ಕೂರಿಸಿ ನೋಡಬೇಕು. ನೆಂಟನೂ ಹಾಯಾಗಿ ಕೂತುಬಿಟ್ಟರೆ ಆ ವಾಕ್ಯ ಕಸದ ಬುಟ್ಟಿಗೆ. ಇನ್ನೊಂದು ಪದ ಕೂರಲಾರದ ಕುರ್ಚಿ ಮಾತ್ರ ನಿಘಂಟಿನೊಳಗೆ ಹೋಗಬೇಕು. ‘ಎಬ್ಬಿಸಿ ನೋಡಿದಿರಾ?’ ಎನ್ನುವುದು ಸಂಪಾದಕರು ದಿನಕ್ಕೆ ಎಷ್ಟೋ ಸಲ ಕೇಳುವ ಪ್ರಶ್ನೆ.

ಕಲ್ಪಿಸಿಕೊಳ್ಳುವ ಶಕ್ತಿ ಅವನಿಗೆ ಕಡಿಮೆ. ಆದ್ದರಿಂದ ಅಂಥ ಕುರ್ಚಿಗಳನ್ನೆಲ್ಲ ಅವನು ಮನೆಯಿಂದಲೇ ಹೊತ್ತುಕೊಂಡು ಹೋಗುತ್ತಿದ್ದ. ಮಿತವ್ಯಯದ ಥ್ರಿಫ್ಟಿ ಎಂಬುದಕ್ಕೆ ಪಕ್ಕದ ಬೀದಿಯ ಅಕ್ಕ ಸಿಕ್ಕಿದಳು, ಜಿಪುಣತನದ ಸ್ಟಿಂಜಿ ಎಂಬುದಕ್ಕೆ ಅಕ್ಕನ ಗಂಡ. ‘ನನ್ನ ಅಕ್ಕ ಹಳೆಯ ಸೋಪಿನ ತುಂಡುಗಳನ್ನು ಕೂಡಿಸಿ ಹೊಸ ಸೋಪು ಮಾಡುತ್ತಾಳೆ, ನನ್ನ ಭಾವ ಆ ಸೋಪನ್ನೂ ಬಳಸುವುದಿಲ್ಲ.’ ಬಸ್ ಓಡಿಸುವ ಭಾವ ಇದನ್ನು ಕೇಳಿ ಮುನಿಯುವುದರ ಬದಲು, ಅಚ್ಚಿನಲ್ಲಿ ಬರುತ್ತೇನೆಂದು ಡಿಪೋದಲ್ಲೆಲ್ಲ ಹೇಳಿಕೊಂಡು ಬಂದಿದ್ದ. ತೀರಿಹೋದ ಅಪ್ಪ ಶಿಸ್ತಿನ ಸ್ಟರ್ನ್ ಆಗಿ ನಿಂತಿದ್ದ. ಕಟುವಾದ ಹಾರ್ಷ್ ಆಗಿ ನಿಂತವರು ಶಾಲೆಯ ಡ್ರಿಲ್ ಮೇಷ್ಟ್ರು. ಎದುರುಮನೆಯ ನಾಯಿಗೂ ಜಾಗ ಸಿಕ್ಕಿತ್ತು. ಮಹಡಿಯ ಬಾಡಿಗೆದಾರರಂತೂ ಬಂದವರು ಬಂದಂತೆ ಯಾವುದಾದರೊಂದು ಅಕ್ಷರದ ಕೆಳಗೆ ಸೇರಿಹೋಗುತ್ತಿದ್ದರು.

“ನಿಘಂಟು ಇವತ್ತಿಗೆ ಮುಗೀತಂತೆ ಹೌದೇನೋ?” ಎನ್ನುತ್ತ ಅಕ್ಕ ಹಿತ್ತಿಲ ಬಾಗಿಲಿಂದ ಒಳಗೆ ಬಂದಳು. ಬಂದವಳೇ ಅವನ ಆರಿದ ಚಹಾ ಎತ್ತಿಕೊಂಡು ಕುಡಿದಳು, ಚೆಲ್ಲಬಾರದೆಂದು.

“ಒಂದು ಟಿಪ್ಪಣಿ ಇದೆ. ಸಂಜೆಯೊಳಗೆ ಕೊಡಬೇಕು. ಅದಾದ್ರೆ ಮುಗೀತು.”

“ಅಂತೂ ನಮ್ಮನ್ನೆಲ್ಲ ಲೋಕದ ಮುಂದೆ ಮೆರವಣಿಗೆ ಮಾಡಿಸಿಬಿಟ್ಟೆ. ಅಪ್ಪ ಇದಾನೆ, ನಾನಿದೀನಿ, ನಮ್ಮನೆಯವರಿದಾರೆ, ಆ ಹಾಳು ನಾಯಿ ಕೂಡ ಇದೆ.” ಅಕ್ಕ ಲೋಟ ಕೆಳಗಿಟ್ಟು ಕತ್ತು ತಿರುಗಿಸಿದಳು. “ನೀನು ಎಲ್ಲೇ ಇದೀಯ? ನಿನ್ನನ್ನ ಯಾವ ಪದಕ್ಕೆ ಹಾಕಿದಾನೆ?”

ಹೆಂಡತಿ ಬ್ರೆಡ್ಡಿಗೆ ಬೆಣ್ಣೆ ಸವರುತ್ತಿದ್ದಳು. ಸವರುವುದನ್ನು ನಿಲ್ಲಿಸಲಿಲ್ಲ. “ನಾನಾ? ನಾನಿಲ್ಲ ಅತ್ತಿಗೆ.”

“ಇಲ್ಲ ಅಂದ್ರೆ?”

“ಇಲ್ಲ ಅಂದ್ರೆ ಇಲ್ಲ. ಬ್ಯೂಟಿಫುಲ್ ಹತ್ರ ಒಂದ್ಸಲ ನನಗೂ ಸೇತುವೆಗೂ ಪೈಪೋಟಿ ಆಯ್ತಂತೆ. ಸೇತುವೆ ಗೆದ್ದಿತು.”

ಅಕ್ಕ ನಕ್ಕಳು. ಹೆಂಡತಿಯೂ ನಕ್ಕಳು. ಅವನೂ ನಗಲು ಹೊರಟು, ಬಾಯಿ ಅರ್ಧ ತೆರೆದಲ್ಲೇ ನಿಂತ. ಅದು ನಡೆದದ್ದು ಮದುವೆಯಾದ ಹೊಸತರಲ್ಲಿ. ಪ್ರೆಟಿ ಎಂಬುದನ್ನು ಹೂಜಿಯೊಂದಕ್ಕೆ ಕೊಟ್ಟು, ಬ್ಯೂಟಿಫುಲ್ ಎಂಬುದರ ಮುಂದೆ ‘ನನ್ನ ಹೆಂಡತಿ’ ಎಂದು ಬರೆದಿದ್ದ. ಬರೆದ ಮೇಲೆ ಸಂಪಾದಕರು ಅದನ್ನು ಗಟ್ಟಿಯಾಗಿ ಓದುವುದನ್ನು, ಮೇಜಿನ ಸುತ್ತಲಿನ ತಲೆಗಳು ಒಂದೊಂದಾಗಿ ಏಳುವುದನ್ನು ಮನಸ್ಸಿನಲ್ಲೇ ನೋಡಿ, ಕಿವಿ ಬಿಸಿಯಾಗಿ, ಹೆಂಡತಿಯನ್ನು ಹೊಡೆದುಹಾಕಿ ಊರಾಚೆಯ ಕಬ್ಬಿಣದ ಸೇತುವೆಯನ್ನು ತಂದು ನಿಲ್ಲಿಸಿದ್ದ. ಅವತ್ತೇ ಸಂಜೆ ಅದನ್ನೊಂದು ತಮಾಷೆಯೆಂದುಕೊಂಡು ಅವಳಿಗೆ ಹೇಳಿಯೂ ಇದ್ದ. ತಮಾಷೆಯೆಂದು ಅವಳು ಒಪ್ಪಿಕೊಂಡಿದ್ದಳು. ಒಪ್ಪಿಕೊಂಡಳೋ, ಸಹಿಸಿಕೊಂಡಳೋ? ಪೇಷಂಟ್ ಮತ್ತು ಟಾಲರೆಂಟ್ ಬಂದಾಗಲೂ ಇದೇ ಕಷ್ಟವಾಗಿತ್ತು. ಅವಳಿಗೆ ತಾಳ್ಮೆಯಿದೆಯೆಂದು ಬರೆಯಲು ಹೋದರೆ, ತಾಳ್ಮೆಯಲ್ಲ, ಸುಮ್ಮನೆ ನಿನ್ನನ್ನು ಸಹಿಸುತ್ತಿದ್ದಾಳೆ ಎಂದು ಪಕ್ಕದ ಪದ ಪಿಸುಗುಟ್ಟುತ್ತಿತ್ತು. ಹೀಗೆ ಪ್ರತಿ ಜೋಡಿಯ ನಡುವೆಯೂ ಅವಳು ಹಾದುಹೋದಳು, ಎಲ್ಲಿಯೂ ಕೂರಲಿಲ್ಲ. ಇಡೀ ಮನೆ ಒಳಗೆ ಹೋಯಿತು, ಅವಳು ಹೊರಗೆ ಉಳಿದಳು. ಉಳಿದಳೋ, ಅವನೇ ಉಳಿಸಿದನೋ!

“ಮುನ್ನುಡಿಯಲ್ಲಿ ಹಾಕ್ತಾರೆ ಬಿಡಿ,” ಎಂದಳು ಹೆಂಡತಿ, ಕೈಚೀಲ ಹೆಗಲಿಗೇರಿಸಿ. “‘ಸಹಕರಿಸಿದ ಎಲ್ಲರಿಗೂ’ ಅಂತ ಇರತ್ತಲ್ಲ, ಆ ಎಲ್ಲರೂ ಅನ್ನೋದು ನಾನೇ.” ಬಾಗಿಲ ಬಳಿ ತಿರುಗಿ ಅವನ ಕಡೆಗೊಮ್ಮೆ ನೋಡಿದಳು. ಆ ನೋಟದಲ್ಲಿ ನಗುವೂ ಇತ್ತು. ಆದರೆ ನಗು ಸ್ವಲ್ಪ ಮುಂಚೆ ಹೊರಟು, ಕಣ್ಣು ಸ್ವಲ್ಪ ತಡವಾಗಿ ಹೊರಟಂತೆ ಅವನಿಗೆ ಅನ್ನಿಸಿತು. “ಹಾಳೇನ ಇನ್ನೂ ಸ್ವಲ್ಪ ದೂರ ಹಿಡೀರಿ, ಎದುರುಮನೆಯವರೂ ಓದಲಿ,” ಎಂದು ಹೇಳಿ ಅಂಗಡಿಗೆ ಹೊರಟುಹೋದಳು.

ಅಂಗಡಿಯೆಂದರೆ ಕನ್ನಡಕದಂಗಡಿ. ಅಲ್ಲಿ ಅವಳದು ಕಣ್ಣು ಪರೀಕ್ಷಿಸುವ ಕೆಲಸ. ಊರಿನ ಅರ್ಧ ಜನದ ಕಣ್ಣಿನ ನಂಬರು ಅವಳಿಗೆ ಬಾಯಿಪಾಠ. ದಾರಿಯಲ್ಲಿ ಸಿಕ್ಕವರನ್ನು ಮುಖಕ್ಕಿಂತ ಮುಂಚೆ ನಂಬರಿನಿಂದ ಗುರುತು ಹಿಡಿಯುವವಳು. ಅವಳ ಗಂಡನ ನಂಬರು ಮಾತ್ರ ಅವಳಿಗೆ ತಿಳಿಯದು. ಮದುವೆಯಾದ ಹೊಸತರಲ್ಲಿ ಒಮ್ಮೆ ಅವನನ್ನು ಕುರ್ಚಿಯಲ್ಲಿ ಕೂರಿಸಿ, ಒಂದೊಂದೇ ಗಾಜು ಬದಲಿಸುತ್ತ, ಇದು ಚೆನ್ನಾಗಿದೆಯಾ, ಇದಾ, ಎಂದು ಕೇಳಿದ್ದಳು. ಅವನು, “ಮೊದಲನೇದು ಶಾರ್ಪ್ ಆಗಿದೆ, ಎರಡನೇದು ಕ್ಲಿಯರ್ ಆಗಿದೆ,” ಎಂದಿದ್ದ. “ಯಾವುದು ಚೆನ್ನಾಗಿ ಕಾಣ್ತಿದೆ ಹೇಳಿ ಸಾಕು,” ಎಂದಳು. “ಹಾಗೆ ಹೇಳೋಕಾಗಲ್ಲ. ಶಾರ್ಪ್ ಅನ್ನೋದು ಅಂಚಿಗೆ ಸಂಬಂಧಪಟ್ಟಿದ್ದು, ಕ್ಲಿಯರ್ ಅನ್ನೋದು ಮಧ್ಯದಲ್ಲಿ ಏನೂ ಅಡ್ಡ ಇಲ್ಲದಿರೋದು.” ಹೊರಗೆ ಜನ ಕಾಯುತ್ತಿದ್ದರು. ಕೊನೆಗೆ ಅವಳು ನಗು ತಡೆಯಲಾರದೆ ಅವನನ್ನು ಎಬ್ಬಿಸಿ ಕಳಿಸಿಬಿಟ್ಟಿದ್ದಳು. ಅಲ್ಲಿಂದ ಈಚೆಗೆ ಅವನು ಆ ಕುರ್ಚಿಯ ಕಡೆ ತಲೆ ಹಾಕಿರಲಿಲ್ಲ. ಅವನ ಮೂಗಿನ ಮೇಲಿದ್ದದ್ದು ಮದುವೆಗೆ ಮುಂಚಿನ ಕನ್ನಡಕ. ಕಾಲೇಜಿನ ಹುಡುಗನೊಬ್ಬನ ಕಣ್ಣಿಗೆಂದು ಬರೆದ ಗಾಜಿನಲ್ಲಿ ಅವನು ಈ ನಡುವಯಸ್ಸಿನ ಲೋಕವನ್ನು ನೋಡುತ್ತಿದ್ದ.

ಕಚೇರಿಯಲ್ಲಿ ಮೇಜಿನ ಮೇಲೆ ಆ ಕೊನೆಯ ಜೋಡಿ ಕಾಯುತ್ತಿತ್ತು: ಡಿಪೆಂಡ್, ರಿಲೈ. ಅಕಾರಾದಿಯಲ್ಲಿ ಅದು ಕೊನೆಯದೇನಲ್ಲ. ಎಂದೋ ಮುಗಿಯಬೇಕಾಗಿದ್ದದ್ದು, ‘ಆಮೇಲೆ’ ಎಂದು ಗುರುತು ಹಾಕಿ ಮುಂದೂಡುತ್ತ, ಉಳಿದದ್ದೆಲ್ಲ ಮುಗಿದ ಮೇಲೆ ಇದೊಂದೇ ಬರಿಮೈಯಲ್ಲಿ ಎದುರಿಗೆ ನಿಂತಿತ್ತು. ವ್ಯತ್ಯಾಸ ಅವನಿಗೆ ಚೆನ್ನಾಗಿ ಗೊತ್ತು. ಡಿಪೆಂಡ್ ಎಂಬುದರ ಬೇರಿನಲ್ಲಿ ತೂಗುವುದಿದೆ: ಸೂರಿನ ಕೊಂಡಿಯಿಂದ ದೀಪ ತೂಗುವ ಹಾಗೆ. ಕೊಂಡಿ ಕಳಚಿದರೆ ದೀಪ ಉಳಿಯದು. ರಿಲೈ ಎಂಬುದರ ಬೇರಿನಲ್ಲಿ ಕಟ್ಟುವುದಿದೆ: ಜಗ್ಗಿ ನೋಡಿ, ಬಿಡುವುದಿಲ್ಲವೆಂದು ಖಾತ್ರಿಯಾದ ಮೇಲೆ ಭಾರ ಹಾಕುವುದು. ಮೊದಲನೆಯದು ಇರುವ ಸ್ಥಿತಿ, ಎರಡನೆಯದು ಇಡುವ ವಿಶ್ವಾಸ. ಶಿಶು ತಾಯಿಯನ್ನು ಅವಲಂಬಿಸುತ್ತದೆ, ನಾವಿಕ ದಿಕ್ಸೂಚಿಯನ್ನು ನೆಚ್ಚುತ್ತಾನೆ. ಬರೆದ. ಎಬ್ಬಿಸಿ ನೋಡಿದ. ಎರಡೂ ಗಟ್ಟಿ ಕುರ್ಚಿಗಳು. ಇಷ್ಟನ್ನು ಸಂಪಾದಕರ ಕೈಗಿಟ್ಟರೆ ಮುಗಿದೇ ಹೋಯಿತು. ನಿಘಂಟು ಮುಚ್ಚಿಕೊಳ್ಳುತ್ತದೆ, ಅವಳು ಹೊರಗೇ ಉಳಿಯುತ್ತಾಳೆ. ಅವನು ಅವೆರಡನ್ನೂ ಹೊಡೆದುಹಾಕಿ, ‘ನಾನು ನನ್ನ ಹೆಂಡತಿಯನ್ನು’ ಎಂದು ಬರೆದು, ಮುಂದಿನ ಪದಕ್ಕೆ ಜಾಗ ಬಿಟ್ಟು, ಆ ಖಾಲಿ ಜಾಗವನ್ನೇ ನೋಡುತ್ತ ಕೂತ.

ರಿಲೈ ಎಂದರೆ ಗೌರವದ ಮಾತಾಗುತ್ತಿತ್ತು. ಗುಮಾಸ್ತನನ್ನೂ ನೆಚ್ಚಬಹುದು, ಗಡಿಯಾರವನ್ನೂ ನೆಚ್ಚಬಹುದು. ಡಿಪೆಂಡ್ ಎಂದರೆ ನಿಜವಾಗುತ್ತಿತ್ತು, ಆದರೆ ಬೆತ್ತಲೆಯಾಗುತ್ತಿತ್ತು. ನಿಘಂಟಿನ ಕೆಲಸ ನಡುವೆ ಒಮ್ಮೆ ನಿಂತುಹೋಗಿ, ಎಲ್ಲರನ್ನೂ ಮನೆಗೆ ಕಳಿಸಿದ್ದ ದಿನಗಳು ನೆನಪಾದವು. ಆಗ ಅವನು ಗೋಡೆಯ ಕಡೆ ಮುಖ ಮಾಡಿ ಮಲಗಿರುತ್ತಿದ್ದ. ಗೋಡೆಯ ಸುಣ್ಣದಲ್ಲಿ ಒಂದು ಬಿರುಕಿತ್ತು. ಅದು ಬಿರುಕೋ ಸೀಳೋ ಎಂದು ನಿರ್ಧರಿಸುವುದೇ ಒಂದು ಹಗಲಿನ ಕೆಲಸವಾಗುತ್ತಿತ್ತು. ಅವಳು ಅಂಗಡಿಯಿಂದ ಬಂದು, ಚಪ್ಪಲಿ ಬಿಡುತ್ತಲೇ, “ಚಹಾನಾ, ಹಾಲಾ?” ಎಂದು ಕೇಳುವಳು. ಏನಾಯಿತು, ಏನು ಯೋಚನೆ, ಮುಂದೇನು, ಈ ಯಾವುದನ್ನೂ ಕೇಳಲಿಲ್ಲ. ಎರಡರಲ್ಲಿ ಒಂದನ್ನು ಆರಿಸುವಷ್ಟು ಶಕ್ತಿ ಮಾತ್ರ ಅವನಲ್ಲಿ ಉಳಿದಿದೆಯೆಂದು ಅವಳಿಗೆ ಹೇಗೋ ತಿಳಿದಿತ್ತು. ಹಾಲು, ಎನ್ನುವನು. ಹಾಲು ಬರುವುದು. ಅದು ತೂಗುವುದೇ ಆಗಿತ್ತು, ಕೊಂಡಿಯಿಂದ ದೀಪ ತೂಗಿದಂತೆ. ಆಗ ಅವನು ಜಗ್ಗಿ ನೋಡಿರಲಿಲ್ಲ. ಜಗ್ಗಿ ನೋಡಲು ಕೈಯಲ್ಲಿ ಬಲವೆಲ್ಲಿತ್ತು?

“ಏನ್ರೀ, ಹಾಳೆ ಮೂಸಿ ನೋಡ್ತಾ ಇದೀರಾ?”

ಸಂಪಾದಕರು ಯಾವಾಗ ಬಂದು ನಿಂತರೋ ತಿಳಿಯಲಿಲ್ಲ. ಹಾಳೆ ನಿಜವಾಗಿಯೂ ಮೂಗಿಗೆ ತಾಗುತ್ತಿತ್ತು. ಅವರು ಹೋಗಿ ತಮ್ಮ ಭೂತಗನ್ನಡಿ ತಂದು, ಎಲ್ಲರೂ ನೋಡುವಂತೆ ಅವನ ಮೇಜಿನ ಮೇಲಿಟ್ಟರು. “ಇಟ್ಟುಕೊಳ್ಳಿ. ಮನೆಯವರು ಊರಿಗೆಲ್ಲ ಕಣ್ಣು ಕೊಡ್ತಾರೆ, ನಿಮಗೆ ಮಾತ್ರ ಕೊಡಲಿಲ್ಲ ಅಂತ ಕಾಣತ್ತೆ.” ಮೇಜಿನ ಸುತ್ತಲಿನ ತಲೆಗಳು ಒಂದೊಂದಾಗಿ ಎದ್ದವು. ಅಷ್ಟು ವರ್ಷ ಹಿಂದೆ ಅವನು ಮನಸ್ಸಿನಲ್ಲೇ ನೋಡಿ ಹೆದರಿದ್ದ ಚಿತ್ರ ಅದು, ಬೇರೊಂದು ಕಾರಣಕ್ಕಾಗಿ ಈಗ ನಡೆಯುತ್ತಿತ್ತು. ವಿಚಿತ್ರವೆಂದರೆ ಕಿವಿ ಬಿಸಿಯಾಗಲಿಲ್ಲ. ಅವಳ ಮೇಲೆ ಮಾತು ಬಂತಲ್ಲ ಎಂಬುದಷ್ಟೇ ಚುಚ್ಚಿತು. ಕೊಡಲಿಲ್ಲವೆಂಬುದು ತಪ್ಪು, ತೆಗೆದುಕೊಳ್ಳಲಿಲ್ಲವೆಂಬುದು ಸರಿ, ಎಂದು ಹೇಳಬೇಕೆಂದುಕೊಂಡ. ಹೇಳುವ ಬದಲು ಹಾಳೆಯನ್ನು ಮಡಿಸಿ ಜೇಬಿಗಿಟ್ಟುಕೊಂಡು, ಊಟದ ಹೊತ್ತಿನಲ್ಲಿ ಕನ್ನಡಕದಂಗಡಿಯ ಕಡೆಗೆ ನಡೆದ.

ಅಂಗಡಿಯ ಬೆಂಚಿನ ಮೇಲೆ ದಪ್ಪ ಗಾಜಿನ ಕನ್ನಡಕದ ಹೆಂಗಸೊಬ್ಬಳು ಕೂತಿದ್ದಳು. ಅವನನ್ನು ನೋಡಿ, “ಸಾಲು ಇದೆ,” ಎಂದಳು. ಹೆಂಡತಿ ಒಳಗಿನಿಂದ ಪರದೆ ಸರಿಸಿ ನೋಡಿದಳು. ಒಂದು ಗಳಿಗೆ ಅವಳ ಮುಖದಲ್ಲಿ ಏನೂ ಕಾಣಲಿಲ್ಲ.

“ಇವರು ನನ್ನ ಮನೆಯವರು. ತುಂಬಾ ವರ್ಷದ ಹಿಂದೇನೇ ಸಾಲಿಗೆ ನಂಬರು ಹಚ್ಚಿ ಹೋದವರು,” ಎಂದಳು ಆ ಹೆಂಗಸಿಗೆ. “ಇವರನ್ನ ಮೊದಲು ಮುಗಿಸಲಾ?”

“ಮುಗಿಸಮ್ಮ, ಮುಗಿಸು. ನಮ್ಮನೇವ್ರನ್ನ ಮುಗಿಸೋ ಅವಕಾಶ ನಂಗಂತೂ ಸಿಗಲಿಲ್ಲ.”

“ಬನ್ನಿ ಸರ್, ಕೂತ್ಕೊಳ್ಳಿ.”

ಕೋಣೆ ಕತ್ತಲು. ದೂರದಲ್ಲಿ ಬೆಳಕಿನ ಹಲಗೆಯ ಮೇಲೆ ಅಕ್ಷರಗಳು. ಅವಳು ಅವನ ಹಳೆಯ ಕನ್ನಡಕ ತೆಗೆದು ಬದಿಗಿಟ್ಟು, ಪರೀಕ್ಷೆಯ ಭಾರವಾದ ಚೌಕಟ್ಟನ್ನು ಮೂಗಿಗೇರಿಸಿದಳು. ಅವಳ ಬೆರಳು ಕಿವಿಯ ಹಿಂದೆ ಒಂದು ಕ್ಷಣ ಇದ್ದು ಹೋಯಿತು. ಮನೆಯ ಸೋಪಿನ ವಾಸನೆಯೇ, ಆದರೆ ಇಲ್ಲಿ, ಈ ಕತ್ತಲಲ್ಲಿ, ಇವಳು ಬೇರೊಬ್ಬಳು. ಅಂಜಿಕೊಂಡು ಬರುವ ಎಷ್ಟೋ ಮುಖಗಳನ್ನು ಹೀಗೇ ಹಿಡಿದು ನೇರ ಮಾಡಿದವಳು. ಅವನಿಗೆ ಪರೀಕ್ಷೆಗೆ ಕೂತವನ ಹೆದರಿಕೆಯಾಯಿತು. ಗಾಜುಗಳು ಕಟಕ್ ಎಂದು ಬಿದ್ದವು, ಎದ್ದವು. ಅಕ್ಷರಗಳು ಮಂಜಿನಿಂದ ಹೊರಬಂದವು. ಅವಳು ಹಿಡಿಕೆಯಿರುವ ಸಣ್ಣದೊಂದು ಗಾಜನ್ನು ಅವನ ಕಣ್ಣಿನ ಮುಂದೆ ಹಿಡಿದು ಮಗುಚಿದಳು.

“ಇದಾ… ಇದಾ?”

ಅವನು ತಡೆದ. “ಮೊದಲನೇದು.”

“ಶಾರ್ಪಾ, ಕ್ಲಿಯರಾ ಅಂತ ಕೇಳಲ್ಲ. ಹೆದರಬೇಡಿ.” ಗಾಜು ಸ್ವಲ್ಪ ತಿರುಗಿತು. “ಇದಾ… ಇದಾ?”

“ಎರಡನೇದು. ತಪ್ಪಾಯ್ತಾ?”

“ಇಲ್ಲಿ ತಪ್ಪು ಉತ್ತರ ಅಂತಿಲ್ಲ. ಕಂಡಿದ್ದು ಹೇಳೋದು ಅಷ್ಟೇ. ಈಗ? ಇದಾ… ಇದಾ?”

ಅವಳ ದನಿಯಲ್ಲಿ ಆ ಸಂಜೆಗಳ ಚಹಾ, ಹಾಲು ಇತ್ತು. ಇದಾ, ಇದಾ. ಆಗಿನಿಂದ ಈವರೆಗೆ ಅವಳು ಅವನನ್ನು ಕೇಳಿದ್ದು ಇದೊಂದೇ ಪ್ರಶ್ನೆ ಎಂದು ಅವನಿಗೆ ಅನ್ನಿಸಿತು. ಗಾಜು ಮಗುಚಿತು. ಅವನು ಕಣ್ಣು ಕಿರಿದು ಮಾಡಿದ. ಕೆಳಗಿನ ಸಾಲಿನ ಅಕ್ಷರಗಳು ಮೊದಲನೆಯದರಲ್ಲಿ ಹೇಗಿದ್ದವೋ ಎರಡನೆಯದರಲ್ಲೂ ಹಾಗೇ ಇದ್ದವು. ವ್ಯತ್ಯಾಸವಿರಲೇಬೇಕು, ಇನ್ನೊಮ್ಮೆ ನೋಡು, ಎಂದಿತು ಅಷ್ಟು ವರ್ಷದ ಕೆಲಸ. ಇನ್ನೊಮ್ಮೆ ನೋಡಿದ. ಕೆಲಸಕ್ಕೆ ಸೇರಿದಂದಿನಿಂದ ಒಮ್ಮೆಯೂ ಆಡಿರದ ಮಾತನ್ನು ಅವನು ಮೆಲ್ಲಗೆ ಆಡಿದ.

“ಎರಡೂ ಒಂದೇ.”

ಗಾಜು ನಿಂತಿತು. “ಸರಿ, ಮುಗೀತು,” ಎಂದಳು ಅವಳು.

“ಏನು ಮುಗೀತು? ನಾನು ಇನ್ನೂ ಹೇಳೇ ಇಲ್ಲ.”

“ಹೇಳಿದ್ರಲ್ಲ. ಎರಡೂ ಒಂದೇ ಅನ್ನೋವರೆಗೂ ತಿರುಗಿಸ್ತಾ ಇರ್ತೀವಿ. ಅಂದ ಮೇಲೆ ನಿಲ್ಲಿಸ್ತೀವಿ. ಅದೇ ನಿಮ್ಮ ನಂಬರು.” ಬರೆದುಕೊಳ್ಳುತ್ತ ತಲೆಯೆತ್ತದೆ, “ಇದನ್ನ ಹೇಳೋಕೆ ಇಷ್ಟು ವರ್ಷ ತಗೊಂಡ್ರಿ,” ಎಂದಳು.

ಅವನು ಕುರ್ಚಿಯಿಂದ ಏಳಲಿಲ್ಲ. ಭಾರದ ಚೌಕಟ್ಟಿನೊಳಗಿಂದ ಅವಳನ್ನು ನೋಡಿದ. ದೂರದ ಹಲಗೆಗೆಂದು ಹೊಂದಿಸಿದ ಗಾಜಿನಲ್ಲಿ ಹತ್ತಿರ ಬಾಗಿ ಬರೆಯುತ್ತಿದ್ದ ಅವಳ ಮುಖ ಕಲಸಿಹೋಗಿತ್ತು. ಆದರೂ ಅವಳು ತುಟಿ ಕಚ್ಚಿ ಬರೆಯುತ್ತಿದ್ದಾಳೆ, ನಗು ತಡೆಯುತ್ತಿದ್ದಾಳೆ ಎಂಬುದನ್ನು ತಿಳಿಯಲು ಅವನಿಗೆ ಯಾವ ಗಾಜೂ ಬೇಕಿರಲಿಲ್ಲ. ಪರದೆಯಾಚೆಯಿಂದ, “ಮುಗಿದ್ರೇನಮ್ಮ?” ಎಂದು ಆ ಹೆಂಗಸು ಕೇಳಿದಳು. “ಮುಗಿದ್ರು, ಬನ್ನಿ,” ಎಂದಳು ಹೆಂಡತಿ.

ಸಂಜೆಗೆ ಮುಂಚೆಯೇ ಸಂಪಾದಕರು ಹಾಳೆ ಓದಿದರು. ಡಿಪೆಂಡ್ ಬಗ್ಗೆ ಬರೆದದ್ದಕ್ಕೆ ತಲೆಯಾಡಿಸಿದರು, ರಿಲೈ ಬಗ್ಗೆ ಬರೆದದ್ದಕ್ಕೂ ತಲೆಯಾಡಿಸಿದರು. ಆಮೇಲೆ ಉದಾಹರಣೆಗೆ ಬಂದರು. ಎರಡು ವಾಕ್ಯಗಳಿರಬೇಕಾದಲ್ಲಿ ಒಂದೇ ಇತ್ತು. ನಾನು ನನ್ನ ಹೆಂಡತಿಯನ್ನು. ಅದರ ಮುಂದೆ ಎರಡೂ ಪದಗಳು, ನಡುವೆ ಒಂದು ಓರೆಗೆರೆ. ಅವರು ಒಂದನ್ನು ಎಬ್ಬಿಸಿ ಇನ್ನೊಂದನ್ನು ಕೂರಿಸಿದರು. ಇನ್ನೊಂದನ್ನು ಎಬ್ಬಿಸಿ ಮೊದಲಿನದನ್ನು ಕೂರಿಸಿದರು. ಅವರ ತುಟಿ ಅಲುಗುವುದನ್ನು ಅವನು ನೋಡುತ್ತ ನಿಂತ.

“ಎರಡೂ ಕೂರುತ್ವಲ್ರೀ.”

“ಕೂರುತ್ವೆ.”

“ಹಾಗಿದ್ರೆ ಇದು ಉದಾಹರಣೆ ಹೇಗಾಗತ್ತೆ? ಓದುವವನಿಗೆ ಯಾವುದನ್ನ ಆರಿಸಬೇಕು ಅಂತ ತಿಳಿಯೋದು ಹೇಗೆ?”

“ಹುಡುಕಾಟ ಎಲ್ಲಿ ನಿಲ್ಲಿಸಬೇಕು ಅನ್ನೋದೂ ಅವನಿಗೆ ತಿಳೀಬೇಕಲ್ಲ ಸರ್,” ಎಂದ. ತನ್ನ ದನಿ ಅಷ್ಟು ಗಟ್ಟಿಯಾಗಿ ಬಂದದ್ದು ಕೇಳಿ ಅವನಿಗೇ ಗಾಬರಿಯಾಯಿತು. ಮೇಜಿನ ಸುತ್ತ ತಲೆಗಳು ಎದ್ದಿದ್ದವು. ಏಳಲಿ.

ಸಂಪಾದಕರು ಅವನನ್ನೂ ಹಾಳೆಯನ್ನೂ ಸರದಿಯಂತೆ ನೋಡಿದರು. ಹಿಂತಿರುಗಿಸಲು ಕೈ ಚಾಚಿದರು; ಚಾಚಿದ ಕೈ ಮೇಜಿನ ಮೇಲಿದ್ದ ಭೂತಗನ್ನಡಿಯ ಕಡೆಗೆ ಹೋಗಿ ಅದನ್ನು ಎತ್ತಿಕೊಂಡಿತು. “ಇದು ಇನ್ನು ನಿಮಗೆ ಬೇಡ ಅಂತ ಕಾಣತ್ತೆ,” ಎಂದರು. “ಆಗಲಿ. ಆದರೆ ಕೆಳಗೆ ಒಂದು ಸಾಲು ಸೇರಿಸಿ: ಕೆಲವು ಕಡೆ ಇವುಗಳ ವ್ಯತ್ಯಾಸ ಕಾಣುವುದಿಲ್ಲ.”

“ಕಾಣುವುದಿಲ್ಲ ಅಲ್ಲ ಸರ್. ಇರುವುದಿಲ್ಲ. ಕಾಣದಿರೋದು ಬೇರೆ, ಇಲ್ಲದಿರೋದು…”

“ಬರೀರಿ ಮಾರಾಯ್ರೇ, ಏನಾದ್ರೂ ಬರೀರಿ!”

ಆ ಸಂಜೆ ಅವರಿಬ್ಬರೂ ಹೊರಗಿನ ಮೆಟ್ಟಿಲ ಮೇಲೆ ಕೂತಿದ್ದರು. ನಾನು ಮೇಲಿನ ಕಿಟಕಿಯಲ್ಲಿದ್ದೆ. ಅವನು ಹಾಳೆಯ ಪ್ರತಿಯನ್ನು ಅವಳ ಕೈಗೆ ಕೊಟ್ಟು, ಬೀದಿಯಲ್ಲಿ ಬಹಳ ಮುಖ್ಯವಾದದ್ದೇನೋ ನಡೆಯುತ್ತಿದೆಯೆಂಬಂತೆ ಆ ಕಡೆ ನೋಡತೊಡಗಿದ. ಬೀದಿಯಲ್ಲಿ ಎದುರುಮನೆಯ ನಾಯಿ ಬಿಟ್ಟರೆ ಯಾರೂ ಇರಲಿಲ್ಲ. ಅವಳು ಓದಿದಳು. ಮುಗಿಸಿ ಮತ್ತೆ ಮೊದಲಿಂದ ಓದಿದಳು. ಹಾಳೆಯನ್ನು ಮಡಿಲಲ್ಲಿಟ್ಟು ಅಂಗೈಯಿಂದ ಸವರಿ ನೇರ ಮಾಡಿದಳು, ಅದು ಮೊದಲೇ ನೇರವಾಗಿದ್ದರೂ. ಅವನು ಬೀದಿಯ ಕಡೆಯಿಂದ ಮುಖ ತಿರುಗಿಸುವ ಧೈರ್ಯ ಮಾಡಲಿಲ್ಲ.

“ಆದ್ರೂ,” ಎಂದಳು ಕೊನೆಗೆ, “ಬ್ಯೂಟಿಫುಲ್ ಇನ್ನೂ ಆ ಸೇತುವೇನೇ.”

“ಅದು ಆಗಲೇ ಅಚ್ಚಾಗಿದೆ ಕಣೇ.”

“ಗೊತ್ತು.”

“ಮುಂದಿನ ಮುದ್ರಣದಲ್ಲಿ ಬೀಳಿಸ್ತೀನಿ.”

“ಬೀಳಿಸಬೇಡಿ, ಭಾವ ಅದರ ಮೇಲೇ ಬಸ್ ಓಡಿಸೋದು,” ಎಂದು ಅವಳು ತಲೆಯನ್ನು ಅವನ ಹೆಗಲಿಗಿಟ್ಟಳು. ಅವನು ಅಲುಗಾಡದೆ ಕೂತ. ಯಾರು ಯಾರಿಗೆ ಆತುಕೊಂಡಿದ್ದರೋ ಮೇಲಿನಿಂದ ನನಗೆ ಹೇಳಲಾಗಲಿಲ್ಲ.

ಒಂದೇ ಊರಲ್ಲಿ ಹೆಚ್ಚು ದಿನ ನಿಲ್ಲುವ ಜಾಯಮಾನ ನನ್ನದಲ್ಲ. ಮರುದಿನ ಬೆಳಿಗ್ಗೆ ನನ್ನ ಎರಡು ಅಂಗಿ, ಒಂದು ಕಂಬಳಿ, ಮುಖಪುಟ ಕಿತ್ತುಹೋದ ಅಗ್ಗದ ಕಾದಂಬರಿಗಳ ಕಟ್ಟು, ಎಲ್ಲವನ್ನೂ ಚೀಲಕ್ಕೆ ತುಂಬಿ ಕೆಳಗಿಳಿದೆ. ಅವಳು ಬಾಗಿಲಿಗೆ ಬಂದು, “ಏನೂ ಬಿಟ್ಟಿಲ್ಲ ತಾನೆ, ಮರೆತಿಲ್ಲ ತಾನೆ?” ಎಂದು ಕೇಳಿದಳು. “ಬಿಡೋದು ಬೇರೆ, ಮರೆಯೋದು ಬೇರೆ!” ಎಂದು ಒಳಗಿನಿಂದ ಅವನ ದನಿ ಬಂತು. “ಶುರುವಾಯ್ತು,” ಎಂದು ಅವಳು ನನ್ನ ಕಡೆ ನೋಡಿ ನಕ್ಕಳು. ಈ ಸಲ ನಗುವೂ ಕಣ್ಣೂ ಒಟ್ಟಿಗೇ ಹೊರಟವು. ನಾನು ಕೈಮುಗಿದು ಬೀದಿಗಿಳಿದೆ. ಊರಾಚೆಗೆ ಬಂದಾಗ ಆ ಕಬ್ಬಿಣದ ಸೇತುವೆ ಎದುರಾಯಿತು. ಚೀಲ ಕೆಳಗಿಟ್ಟು, ಆ ಬದಿಯಿಂದಲೂ ಈ ಬದಿಯಿಂದಲೂ ಅದನ್ನು ಸಾವಕಾಶವಾಗಿ ನೋಡಿದೆ. ತುಕ್ಕು ಹಿಡಿದಿತ್ತು, ನಡುವೆ ಕೊಂಚ ಜೋತಿತ್ತು. ಭಾವನ ಬಸ್ ಬಂದು ದಡದಡ ಎನ್ನಿಸಿ ದಾಟಿಹೋಯಿತು. ಬ್ಯೂಟಿಫುಲ್ ಹಾಗಿರಲಿ, ಹೂಜಿಗೆ ಸಿಕ್ಕ ಪ್ರೆಟಿಯನ್ನೂ ಅದಕ್ಕೆ ಕೊಡುವ ಹಾಗಿರಲಿಲ್ಲ. ಚೀಲ ಹೆಗಲಿಗೇರಿಸಿ ನಾನೂ ದಾಟಿದೆ.